ಒಂದು ಸೋತರೆ ಔಟಾ, ಎಲ್ಲರ ಜತೆ ಆಡಬೇಕಾ? ಇಸ್ಪೀಟು ಟೂರ್ನಿಯ ಜಗಳಕ್ಕೆ ಮಹಾವೀರಾಚಾರ್ಯರ ಲೆಕ್ಕ

ಫ್ಯಾಮಿಲಿ ಗ್ರೂಪ್‌ನಲ್ಲೋ ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲೋ ಫೋನಿನಲ್ಲೇ ಆಡುವ ಇಸ್ಪೀಟು ಟೂರ್ನಿ ಇಡೋಣ ಎಂದು ಯಾರಾದರೂ ಹೇಳಿದರೆ, ಎಲೆ ಹಂಚುವ ಮೊದಲೇ ಚರ್ಚೆ ಶುರುವಾಗುತ್ತದೆ. ಒಂದು ಸೋತರೆ ಔಟಾ? ಎಲ್ಲರೂ ಎಲ್ಲರ ಜತೆ ಆಡಬೇಕಾ? ಫೈನಲ್ ಒಂದೇ ಆಟವಾ, ಮೂರರಲ್ಲಿ ಎರಡು ಗೆಲ್ಲಬೇಕಾ? ಯಾರ ದನಿ ಜೋರೋ ಅವರ ಮಾತು ನಡೆಯುತ್ತದೆ.

ಇದನ್ನು ಎಣಿಸಿಯೇ ತೀರ್ಮಾನಿಸಬಹುದು. ಆ ಎಣಿಕೆಯ ಸಾಮಾನ್ಯ ಸೂತ್ರವನ್ನು ಸ್ಪಷ್ಟವಾಗಿ ಬರೆದಿಟ್ಟ ಮೊದಲಿಗರೆಂದು ಗಣಿತದ ಇತಿಹಾಸಕಾರರು ಹೆಸರಿಸುವುದು ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರನ್ನು.

ಯಾರು ಈ ಮಹಾವೀರಾಚಾರ್ಯರು?

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಇವರು ಜೈನರ 24ನೇ ತೀರ್ಥಂಕರ ವರ್ಧಮಾನ ಮಹಾವೀರರಲ್ಲ. ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ನಂತರದ ಜೈನ ಗಣಿತಜ್ಞ. ಕ್ರಿ.ಶ. 850ರ ಆಸುಪಾಸಿನವರು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಅರಸನ ಆಸ್ಥಾನದಲ್ಲಿ.

ಆಚಾರ್ಯರ ಹುಟ್ಟಿದ ದಿನ, ತಂದೆ ತಾಯಿಯ ಹೆಸರು ಎಲ್ಲೂ ದಾಖಲಾಗಿಲ್ಲ. ಹಾಗಾಗಿ ಅವರ ಜಯಂತಿಯ ದಿನಾಂಕ ಹೊತ್ತ ಪೋಸ್ಟರ್ ಬಂದರೆ ಅನುಮಾನದಿಂದಲೇ ನೋಡಿ. ಅವರ ಬದುಕು ನಮಗೆ ಸಿಗುವುದು ಅವರ ಸಂಸ್ಕೃತ ಗ್ರಂಥ ಗಣಿತಸಾರಸಂಗ್ರಹದಿಂದ. ಅದರ ಆರಂಭದಲ್ಲೇ ಅವರು ನೃಪತುಂಗನನ್ನು ಹೊಗಳುತ್ತಾರೆ. ಆ ಕಾಲದಲ್ಲಿ ಗಣಿತ ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿ ಬರುತ್ತಿತ್ತು. ಇವರು ಗಣಿತಕ್ಕೆಂದೇ ಪುಸ್ತಕ ಬರೆದರು. ಅಡುಗೆ, ವೈದ್ಯ, ಸಂಗೀತ, ನಾಟಕ, ಕಟ್ಟಡ ಕಟ್ಟುವ ಕೆಲಸ ಎಲ್ಲಕ್ಕೂ ಲೆಕ್ಕ ಬೇಕು ಎಂಬುದು ಅವರ ನಿಲುವು.

ಅವರು ತಪ್ಪೇ ಮಾಡದ ಪವಾಡಪುರುಷರೇನೂ ಆಗಿರಲಿಲ್ಲ. ಋಣಸಂಖ್ಯೆಗೆ ವರ್ಗಮೂಲ ಸಿಗುವುದಿಲ್ಲ ಎಂದು ಗುರುತಿಸಿದ ಅವರೇ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಬರೆದರು. ಎರಡನೆಯದು ತಪ್ಪು.

ಎಣಿಸುವ ಸೂತ್ರ

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು: ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬುದು ಅವರ ಪುಸ್ತಕದ ಒಂದು ಪ್ರಶ್ನೆ. ಒಂದೊಂದೇ ರುಚಿಯನ್ನೂ ಸೇರಿಸಿದರೆ ಉತ್ತರ 63. ಅದಕ್ಕೆ ಅವರು ಕೊಟ್ಟ ದಾರಿ ತುಂಬ ಸರಳ.

ನಮ್ಮ ಟೂರ್ನಿಗೇ ಅದನ್ನು ಹಚ್ಚೋಣ. 8 ಜನ ಇದ್ದಾರೆ, ಒಂದು ಪಂದ್ಯಕ್ಕೆ ಇಬ್ಬರು. ಮೇಲಿನ ಸಾಲಿನಲ್ಲಿ 1ರಿಂದ 8, ಕೆಳಗಿನ ಸಾಲಿನಲ್ಲಿ 8ರಿಂದ 1 ಬರೆಯಿರಿ. ಇಬ್ಬರನ್ನು ಆರಿಸಬೇಕಾದ್ದರಿಂದ ಬಲತುದಿಯ ಎರಡು ಮನೆ ತೆಗೆದುಕೊಳ್ಳಿ. ಮೇಲೆ 8 ಮತ್ತು 7, ಗುಣಿಸಿದರೆ 56. ಕೆಳಗೆ 1 ಮತ್ತು 2, ಗುಣಿಸಿದರೆ 2. ಭಾಗಿಸಿದರೆ 28. ಎಲ್ಲರೂ ಎಲ್ಲರ ಜತೆ ಒಮ್ಮೆ ಆಡಲು 28 ಪಂದ್ಯ ಬೇಕು. ಇದನ್ನೇ ಇಂದು ಪಿಯುಸಿಯಲ್ಲಿ ಸಂಯೋಜನೆ ಎಂಬ ಪಾಠದಲ್ಲಿ ಕಲಿಯುತ್ತೇವೆ.

ನಾಕೌಟ್ ಯಾರಿಗೆ ಅನ್ಯಾಯ?

ನಾಕೌಟ್‌ನಲ್ಲಿ 7 ಪಂದ್ಯಕ್ಕೆ ಮುಗಿಯುತ್ತದೆ. ಆದರೆ ಚೀಟಿ ಎತ್ತಿ ಜೋಡಿ ಮಾಡಿದರೆ ಏನಾಗುತ್ತದೆ ನೋಡಿ. ಅತ್ಯುತ್ತಮ ಆಟಗಾರ ಒಂದು ಜಾಗದಲ್ಲಿದ್ದಾನೆ. ಉಳಿದದ್ದು 7 ಜಾಗ, ಅದರಲ್ಲಿ 3 ಅವನದೇ ಅರ್ಧದಲ್ಲಿವೆ. ಎರಡನೇ ಉತ್ತಮ ಆಟಗಾರ ಆ ಮೂರರಲ್ಲಿ ಒಂದಕ್ಕೆ ಬಿದ್ದರೆ, ಎಲ್ಲರೂ ತಮ್ಮ ಸಾಮರ್ಥ್ಯಕ್ಕೆ ತಕ್ಕಂತೆಯೇ ಆಡಿದರೂ ಫೈನಲ್ ತಲುಪುವುದಿಲ್ಲ. ಈ ಸಾಧ್ಯತೆ 7ರಲ್ಲಿ 3, ಅಂದರೆ ಸುಮಾರು 43%. ಅನುಭವಿಗಳಿಬ್ಬರನ್ನು ಬೇರೆ ಬೇರೆ ಅರ್ಧದಲ್ಲಿ ಇಟ್ಟರೆ ಈ ದೋಷ ತಪ್ಪುತ್ತದೆ.

ಇನ್ನೊಂದು ಸಮಸ್ಯೆ ಎಲೆಯ ಅದೃಷ್ಟ. ಒಂದು ಆಟದಲ್ಲಿ 60% ಗೆಲ್ಲುವಷ್ಟು ಚುರುಕಾದವರಿದ್ದಾರೆ ಎಂದುಕೊಳ್ಳಿ. ಒಂದೇ ಆಟ ಇಟ್ಟರೆ 100ರಲ್ಲಿ 40 ಸಲ ಅವರು ಮನೆಗೆ. ಮೂರರಲ್ಲಿ ಎರಡು ಗೆಲ್ಲಬೇಕೆಂದರೆ ಅವರ ಗೆಲುವು ಸುಮಾರು 65%, ಐದರಲ್ಲಿ ಮೂರು ಎಂದರೆ 68%, ಏಳರಲ್ಲಿ ನಾಲ್ಕು ಎಂದರೆ 71%. ಆಟ ಹೆಚ್ಚಿದಷ್ಟೂ ಅದೃಷ್ಟದ ಪಾಲು ಇಳಿಯುತ್ತದೆ, ಆದರೆ ನಿಧಾನವಾಗಿ.

ಈ ಶೇಕಡಾವಾರು ಲೆಕ್ಕ ಮಹಾವೀರಾಚಾರ್ಯರದ್ದಲ್ಲ. ಸಂಭವನೀಯತೆಯ ಸಿದ್ಧಾಂತ ಬೆಳೆದದ್ದು 17ನೇ ಶತಮಾನದ ಯುರೋಪಿನಲ್ಲಿ. ಆದರೆ ಐದು ಆಟದಲ್ಲಿ ಯಾವ ಮೂರು ಗೆದ್ದರು ಎಂಬುದಕ್ಕೆ 10 ದಾರಿಗಳಿವೆ ಎಂದು ಎಣಿಸದೆ ಆ 68% ಸಿಗುವುದಿಲ್ಲ. ಆ 10ನ್ನು ಕೊಡುವುದು ಆಚಾರ್ಯರ ಸೂತ್ರವೇ.

ಕೋಳಿ ಅಂಕದ ಲೆಕ್ಕ

ತುಳುನಾಡಿನವರಿಗೆ ಹತ್ತಿರವಾದ ಲೆಕ್ಕವೊಂದು ಅದೇ ಪುಸ್ತಕದಲ್ಲಿದೆ. ಮಂತ್ರ ಮದ್ದು ಬಲ್ಲ ಒಬ್ಬ ಕೋಳಿ ಅಂಕಕ್ಕೆ ಬರುತ್ತಾನೆ. ಮೊದಲ ಕೋಳಿಯ ಯಜಮಾನನ ಬಳಿ ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳುತ್ತಾನೆ: ನೀನು ಗೆದ್ದರೆ ನಿನ್ನ ಪಣದಷ್ಟು ಹಣ ನನಗೆ, ಸೋತರೆ ಅದರ ಮೂರರಲ್ಲಿ ಎರಡು ಪಾಲು ನಾನು ಕೊಡುತ್ತೇನೆ. ಎರಡನೆಯವನ ಬಳಿಯೂ ಹೋಗಿ, ಸೋತರೆ ನಾಲ್ಕರಲ್ಲಿ ಮೂರು ಪಾಲು ಕೊಡುವುದಾಗಿ ಹೇಳುತ್ತಾನೆ. ಯಾವ ಕೋಳಿ ಗೆದ್ದರೂ ಅವನಿಗೆ 12 ಹೊನ್ನು ಲಾಭ. ಹಾಗಾದರೆ ಪಣ ಎಷ್ಟೆಷ್ಟು?

ಉತ್ತರ 42 ಮತ್ತು 40. ಮೊದಲನೆಯವನು ಗೆದ್ದರೆ 42 ಬಂತು, ಸೋತವನಿಗೆ 30 ಹೋಯಿತು. ಎರಡನೆಯವನು ಗೆದ್ದರೆ 40 ಬಂತು, 28 ಹೋಯಿತು. ಎರಡೂ ಸಲ ಉಳಿದದ್ದು 12. ಸೋತರೂ ಪೂರ್ತಿ ನಷ್ಟವಿಲ್ಲ ಎಂದು ಯಜಮಾನರಿಬ್ಬರೂ ನಿಶ್ಚಿಂತರು. ಕೋಳಿಯೇ ಇಲ್ಲದ ಮೂರನೆಯವನ ಜೇಬು ಮಾತ್ರ ಪ್ರತಿಸಲ ತುಂಬುತ್ತದೆ.

ಹಣ ಕಟ್ಟಿ ಆಡುವ ಇಸ್ಪೀಟು ಆ್ಯಪ್‌ಗಳಿಗೂ ಇದೇ ಪ್ರಶ್ನೆ ಕೇಳಬೇಕು: ಯಾರು ಗೆದ್ದರೂ ತನ್ನ ಪಾಲು ತೆಗೆದುಕೊಳ್ಳುವವರು ಯಾರು? ಆಟದ ಕ್ರಮ ಎಷ್ಟೇ ನ್ಯಾಯವಾಗಿದ್ದರೂ, ಪ್ರತಿ ಪಂದ್ಯದಲ್ಲಿ ಕಮಿಷನ್ ಕಡಿತವಾದರೆ ಆಟಗಾರರ ಒಟ್ಟು ಹಣ ಇಳಿಯುತ್ತಲೇ ಹೋಗುತ್ತದೆ. ಗ್ಯಾರಂಟಿ ಗೆಲುವಿನ ಟ್ರಿಕ್ ಎಂಬ ಫಾರ್ವರ್ಡ್‌ಗಳು ಈ ಮಾತು ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ ಎಂಬುದೂ ನೆನಪಿರಲಿ.

ಮೂಡುಬಿದಿರೆಯಲ್ಲಿ ಉಳಿದ ಪ್ರತಿ

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಆಮೇಲೆ ಅದು ಬಹುಕಾಲ ತಾಳೆಗರಿಗಳಲ್ಲೇ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅವರು ಬಳಸಿದ ಪ್ರತಿಗಳಲ್ಲಿ ಕೆಲವು ಕನ್ನಡ ಲಿಪಿಯವು. ಒಂದರ ಮೂಲ ಸಿಕ್ಕಿದ್ದು ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಯ ಜೈನ ಮಠದಲ್ಲಿ.

ಹಾಗಾದರೆ ನಿಮ್ಮ ಟೂರ್ನಿಗೆ ಯಾವುದು ಸರಿ?

ಆನ್‌ಲೈನ್‌ನಲ್ಲಿ 8 ಜನ ಒಂದೇ ಹೊತ್ತಿಗೆ ನಾಲ್ಕು ಪಂದ್ಯ ಆಡಬಹುದು. ಹಾಗಾಗಿ 28 ಪಂದ್ಯ 7 ಸುತ್ತಿನಲ್ಲಿ ಮುಗಿಯುತ್ತದೆ. ಸುತ್ತಿಗೆ 15 ನಿಮಿಷ ಎಂದರೆ ಒಂದೂಮುಕ್ಕಾಲು ಗಂಟೆ. ಅಷ್ಟು ಸಮಯವಿದ್ದರೆ ಎಲ್ಲರೂ ಎಲ್ಲರ ಜತೆ ಆಡಲಿ. ಇಲ್ಲವಾದರೆ ನಾಲ್ಕು ನಾಲ್ಕು ಜನರ ಎರಡು ಗುಂಪು ಮಾಡಿ: ಗುಂಪಿನಲ್ಲಿ 6ರಂತೆ 12, ಸೆಮಿಫೈನಲ್ 2, ಫೈನಲ್ 1, ಒಟ್ಟು 15 ಪಂದ್ಯ. ಫೈನಲ್ ಮೂರರಲ್ಲಿ ಎರಡು ಇರಲಿ. ನಿಯಮವನ್ನು ಮೊದಲ ಎಲೆ ಬೀಳುವ ಮುನ್ನ ಗ್ರೂಪಿನಲ್ಲಿ ಹಾಕಿ, ಆಮೇಲೆ ಬದಲಿಸಬೇಡಿ. ಹಣ ಬೇಡ; ಗೆದ್ದವರಿಗೆ ಉಳಿದವರು ಐಸ್‌ಕ್ರೀಮ್ ಕೊಡಿಸಿದರೆ ಸಾಕು.