ಸಾಧನಕೇರಿಯ ಮಾಸ್ತರರು, ಊರಿನ ಋಣ

ಧಾರವಾಡವನ್ನು ವಿದ್ಯಾಕಾಶಿ ಎಂದು ಕರೆಯುವ ವಾಡಿಕೆ ಹಳೆಯದು. ಕಾಲೇಜುಗಳು, ವಿಶ್ವವಿದ್ಯಾಲಯ, ಆಕಾಶವಾಣಿ ಕೇಂದ್ರ, ಸಂಗೀತಗಾರರ ಮನೆಗಳು, ಪುಸ್ತಕ ಪ್ರಕಾಶನ ಎಲ್ಲವೂ ನಡೆದೇ ಮುಟ್ಟಬಹುದಾದಷ್ಟು ದೂರದಲ್ಲಿ ನೆಲೆಸಿರುವ ಊರಿಗೆ ಆ ಬಿರುದು ಸಲ್ಲತಕ್ಕದ್ದೇ. ಆದರೆ ಅಲ್ಲಿ ಕೆಲವು ವರ್ಷ ಓದಿದ ನನ್ನಂಥವರನ್ನು ಒಂದು ಪ್ರಶ್ನೆ ಬಹುಕಾಲ ಕಾಡಿದೆ. ಕಾಲೇಜುಗಳಿಂದ ಊರಿನ ಸಂಸ್ಕೃತಿ ಬೆಳೆಯಿತೋ, ಅಥವಾ ಊರಿನ ಕೆಲವರು ಕೂಡಿ ಬೆಳೆಸಿದ ಸಂಸ್ಕೃತಿಯ ನೆರಳಿನಲ್ಲಿ ಕಾಲೇಜುಗಳು ಹೆಸರು ಮಾಡಿದವೋ? ಇದಕ್ಕೆ ಉತ್ತರ ಹುಡುಕಲು ಹೊರಟವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಬದುಕಿನ ಮುಂದೆ ಬಂದು ನಿಲ್ಲಲೇಬೇಕು. ಅವರ ಕಾವ್ಯದ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆ ಕಾವ್ಯ ಹುಟ್ಟಿದ ಊರಿನಲ್ಲಿ ಕವಿಯ ಅನ್ನದ ಪ್ರಶ್ನೆ ಏನಾಗಿತ್ತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಕೊಂಡಿಲ್ಲ.

ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಮಾತು ಮರಾಠಿ. ತಂದೆ ಸಂಸ್ಕೃತ ಬಲ್ಲವರು. ಮಗ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ಮನೆಯ ಹೆಂಗಸರು ಖಾನಾವಳಿ ನಡೆಸಿ ಸಂಸಾರ ತೂಗಿಸಿದರು. ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ತಾಯಿಯ ಹೆಸರೇ ಮುಂದೆ ನಿಂತಿರುವುದಕ್ಕೆ ಆಧ್ಯಾತ್ಮಿಕ ವ್ಯಾಖ್ಯಾನಗಳು ಹಲವಿವೆ. ಆ ಖಾನಾವಳಿಯ ಒಲೆಯೂ ಅದರಲ್ಲಿದೆ ಎಂದು ನನಗನ್ನಿಸುತ್ತದೆ. 1913ರಲ್ಲಿ ಮೆಟ್ರಿಕ್ ಮುಗಿಸಿದಾಗ ಮುಂದೆ ಓದಲು ಊರಿನಲ್ಲಿ ಕಾಲೇಜೇ ಇರಲಿಲ್ಲ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪದವಿ ಬೇಕೆನ್ನುವ ಕನ್ನಡದ ಹುಡುಗ ಪುಣೆಯ ದಾರಿ ಹಿಡಿಯಬೇಕಿತ್ತು. ಬೇಂದ್ರೆಯವರು ಬಂಧುವೊಬ್ಬರ ಆಸರೆಯಿಂದ ಫರ್ಗ್ಯುಸನ್ ಕಾಲೇಜು ಸೇರಿದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಮರುವರ್ಷ ಪದವಿ ಪಡೆದು ಊರಿಗೆ ಮರಳಿದ ಬೇಂದ್ರೆ ಸೇರಿದ್ದು ವಿಕ್ಟೋರಿಯಾ ಹೈಸ್ಕೂಲನ್ನು, ಮಾಸ್ತರರಾಗಿ.

ಹೀಗೆ ಹೈಸ್ಕೂಲು ಮಾಸ್ತರರೊಬ್ಬರ ಸುತ್ತ, 1920ರ ದಶಕದ ಆರಂಭದಲ್ಲಿ ಗೆಳೆಯರ ಗುಂಪು ಎಂಬ ಕೂಟ ಕಟ್ಟಿಕೊಂಡಿತು. ಹೆಸರೇ ಎಷ್ಟು ಸರಳ ನೋಡಿ: ಅದು ಪರಿಷತ್ತೂ ಅಲ್ಲ, ಅಕಾಡೆಮಿಯೂ ಅಲ್ಲ. ಬರೆದುದನ್ನು ಒಬ್ಬರೆದುರು ಒಬ್ಬರು ಓದುವುದು, ವಾದಿಸುವುದು, ಮತ್ತೆ ಬರೆಯುವುದು, ಸಾಧ್ಯವಾದರೆ ಅಚ್ಚು ಹಾಕಿಸುವುದು, ಇಷ್ಟೇ ಅದರ ಕಾರ್ಯಕ್ರಮ. ಅಲ್ಲಿಗೆ ಬಂದವರ ಹೆಸರುಗಳನ್ನು ಈಗ ಓದಿದರೆ ಒಂದು ವಿಶ್ವವಿದ್ಯಾಲಯದ ಪಠ್ಯಪಟ್ಟಿಯನ್ನೇ ಓದಿದಂತಾಗುತ್ತದೆ. ಶಾಲಾ ಶಿಕ್ಷಕರಾಗಿಯೇ ಉಳಿದು ಕನ್ನಡ ಸಂಸ್ಕೃತಿಯ ಬೇರುಗಳನ್ನು ಶೋಧಿಸಿದ ಶಂ.ಬಾ. ಜೋಶಿ, ಪತ್ರಿಕೆ ನಡೆಸಿದ ಬೆಟಗೇರಿ ಕೃಷ್ಣಶರ್ಮ, ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ವಿ.ಕೃ. ಗೋಕಾಕ, ಮುಂದೆ ಕನ್ನಡ ಸಾಹಿತ್ಯದ ಚರಿತ್ರೆ ಬರೆದ ರಂ.ಶ್ರೀ. ಮುಗಳಿ, ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಲೇ ಕನ್ನಡ ರಂಗಭೂಮಿಯನ್ನು ಬದಲಿಸಿದ ಶ್ರೀರಂಗ, ವಿಜಾಪುರದ ಕಡೆಯ ಹಲಸಂಗಿಯಿಂದ ಬಂದು ಹೋಗುತ್ತಿದ್ದ ಮಧುರಚೆನ್ನ. ಕಾಲೇಜಿನ ವಿದ್ಯಾರ್ಥಿ, ಹಳ್ಳಿಯ ಹಾಡು ಸಂಗ್ರಹಿಸುವವ, ಸಾಲೆಯ ಮಾಸ್ತರ, ವಿಲಾಯತಿಯಲ್ಲಿ ಓದಿ ಬಂದ ಪ್ರಾಧ್ಯಾಪಕ, ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡುವುದು ಕಾಲೇಜಿನ ಒಳಗೆ ಅಂದೂ ಸಾಧ್ಯವಿರಲಿಲ್ಲ, ಇಂದೂ ಕಷ್ಟವೇ. ಗೋಕಾಕರು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ. ಅವರು ಕನ್ನಡದ ಕವಿಯಾದದ್ದು ಈ ಚಾಪೆಯ ಮೇಲೆ.

1926ರಲ್ಲಿ ಇದೇ ಗುಂಪು ನಾಡಹಬ್ಬವನ್ನು ಆರಂಭಿಸಿತು. ನವರಾತ್ರಿ ಮನೆಮನೆಯ ಹಬ್ಬವಾಗಿತ್ತು. ಅದನ್ನು ನಾಡಿನ ಹೆಸರಿನಲ್ಲಿ ಬೀದಿಗೆ ತಂದು, ಉಪನ್ಯಾಸ, ಹಾಡು, ಕವಿತೆಗಳ ಸಾರ್ವಜನಿಕ ಉತ್ಸವವನ್ನಾಗಿ ಮಾಡಿದ್ದು ಜಾಣ ಕೆಲಸ. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯೇ ಮುಂದಿದ್ದ ಪ್ರದೇಶದಲ್ಲಿ ಕನ್ನಡಿಗರಿಗೆ ತಮ್ಮ ಸಂಖ್ಯೆ ತಮಗೇ ಕಂಡದ್ದು ಇಂಥ ಸಂಜೆಗಳಲ್ಲಿ. ಏಕೀಕರಣದ ಕತೆಯನ್ನು ನಾವು ಠರಾವು, ನಿಯೋಗ, ಆಯೋಗಗಳ ಕತೆಯಾಗಿ ಹೇಳುವುದೇ ಹೆಚ್ಚು. ಅದರ ಹಿಂದೆ ಈ ಹಾಡಿನ ಸಂಜೆಗಳೂ ಇದ್ದವು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬೇಂದ್ರೆ ಎದ್ದು ತಮ್ಮ ಕವಿತೆ ಓದಿದರು. ಹಳೆಯ ಮೈಸೂರಿನ ಸಾಹಿತಿಗಳು ಉತ್ತರದ ಈ ದನಿಗೆ ಬೆರಗಾದರು. ಲಾವಣಿಯ ಮಟ್ಟು, ಧಾರವಾಡದ ಹೆಣ್ಣುಮಕ್ಕಳ ಆಡುಮಾತು, ಉಪನಿಷತ್ತಿನ ಒಡಪು ಒಂದೇ ಉಸಿರಿನಲ್ಲಿ ಬರುವುದನ್ನು ಅವರು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಈ ಕೀರ್ತಿಗೆ ಹೊಂದಿಕೊಂಡೇ ಸಂಕಟ ಬಂತು. 1932ರಲ್ಲಿ ಗರಿ ಸಂಕಲನ ಪ್ರಕಟವಾಯಿತು. ಅದರಲ್ಲಿದ್ದ ನರಬಲಿ ಕವಿತೆ ರಾಜದ್ರೋಹವೆಂದು ಸರ್ಕಾರಕ್ಕೆ ಕಂಡಿತು. ಕವಿಯನ್ನು ಹಿಂಡಲಗಿಯ ಸೆರೆಮನೆಗೆ ಕಳಿಸಲಾಯಿತು. ಆಮೇಲೆ ಧಾರವಾಡದ ಬಳಿಯ ಮುಗದದಲ್ಲಿ ಪೊಲೀಸರ ಕಣ್ಣಳತೆಯಲ್ಲಿ ಇರಬೇಕಾಯಿತು. ಸೆರೆವಾಸ ತಿಂಗಳುಗಳಲ್ಲಿ ಮುಗಿಯಿತು, ಅದರ ಪರಿಣಾಮ ವರ್ಷಗಟ್ಟಲೆ ಉಳಿಯಿತು. ಸರ್ಕಾರಿ ಅನುದಾನ ನೆಚ್ಚಿದ ಶಾಲೆಗಳಿಗೆ ರಾಜದ್ರೋಹದ ಹಣೆಪಟ್ಟಿ ಹೊತ್ತ ಮಾಸ್ತರನನ್ನು ಇಟ್ಟುಕೊಳ್ಳುವ ಧೈರ್ಯ ಸುಲಭವಾಗಿ ಬರುವಂಥದಲ್ಲ. ಆ ದಶಕವೆಲ್ಲ ಅವರಿಗೆ ಭದ್ರವಾದ ಉದ್ಯೋಗವಿರಲಿಲ್ಲ. 1935ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ, ಎಂ.ಎ. ಪದವಿ ಪಡೆದರು. ಮನೆಯಲ್ಲಿ ಮಕ್ಕಳ ಸಾವು ಒಂದರ ಮೇಲೊಂದು ಬಂದವು. ಲಕ್ಷ್ಮೀಬಾಯಿ ಹೆತ್ತ ಮಕ್ಕಳಲ್ಲಿ ಉಳಿದವರಿಗಿಂತ ಕಳೆದುಕೊಂಡವರೇ ಹೆಚ್ಚು. ಆ ದುಃಖ ಕನ್ನಡದ ಅತಿ ತೀವ್ರ ಕವಿತೆಗಳಾಗಿದೆ. ದುಃಖ ಕವಿತೆಯಾಯಿತೆಂದು ಓದುಗರಾದ ನಾವು ಸಮಾಧಾನಪಡುವಷ್ಟು ಸುಲಭವಾಗಿ ಆ ಮನೆಯವರು ಪಟ್ಟಿರಲಾರರು.

ವಿಚಿತ್ರವೆಂದರೆ ಅದೇ ಬರಗಾಲದ ವರ್ಷಗಳಲ್ಲಿ ಊರು ಮಾತ್ರ ಶ್ರೀಮಂತವಾಗುತ್ತಿತ್ತು. ಗೆಳೆಯರ ಗುಂಪಿನವರೇ ಆದ ಜಿ.ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ಸುಭಾಸ ರಸ್ತೆಯ ಅದರ ಅಟ್ಟ ಕನ್ನಡದ ಲೇಖಕರಿಗೆ ಹರಟೆಕಟ್ಟೆಯೂ ಪರೀಕ್ಷಾ ಮಂಟಪವೂ ಆಯಿತು. ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರ ಯಯಾತಿ 1961ರಲ್ಲಿ ಹೊರಬಂದದ್ದು ಅದೇ ಅಟ್ಟದಿಂದ. ಬೇಂದ್ರೆಯವರ ತಲೆಮಾರು ಹಾಸಿದ ಚಾಪೆ ಅಲ್ಲಿಯವರೆಗೂ ಚಾಚಿತ್ತು ಎನ್ನಬೇಕು.

1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆ ಅಧ್ಯಕ್ಷರಾದರು. ಕನ್ನಡ ನಾಡು ತನ್ನ ಕವಿಗೆ ಕೊಡಬಹುದಾದ ದೊಡ್ಡ ಗೌರವ ಅದು. ಮರುವರ್ಷ ಅವರು ಸೋಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಹೊರಟರು. ಈ ಎರಡು ಘಟನೆಗಳ ನಡುವಿನ ಅಂತರ ಒಂದೇ ವರ್ಷ. ಸೋಲಾಪುರ ಪರಕೀಯ ಊರೇನಲ್ಲ. ವಚನಕಾರ ಸಿದ್ಧರಾಮನ ನೆಲ, ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದ ಊರು. ಆದರೂ ಅದು ಧಾರವಾಡವಲ್ಲ. ಅವರ ಗೆಳೆಯರಲ್ಲಿ ಗೋಕಾಕ, ಮುಗಳಿಯವರೂ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಅನ್ನದ ದಾರಿ ಕಂಡುಕೊಂಡವರೇ. ಧಾರವಾಡ ಬೆಳೆಸಿದ ಕವಿಗಳಿಗೆ ಕೆಲಸ ಕೊಟ್ಟದ್ದು ಕೃಷ್ಣೆ, ಭೀಮೆಯ ಆಚೆಯ ಊರುಗಳು.

ಹನ್ನೆರಡು ವರ್ಷ ಬೇಂದ್ರೆ ಅಲ್ಲಿದ್ದರು. ಧಾರವಾಡ ಇಂದಿನ ಧಾರವಾಡವಾದದ್ದು ಸರಿಯಾಗಿ ಆ ಹನ್ನೆರಡು ವರ್ಷಗಳಲ್ಲಿ. 1950ರ ಜನವರಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿದ್ದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂದಿತು. ಪೀಠಗಳು ಸೃಷ್ಟಿಯಾದವು, ಹುದ್ದೆಗಳು ತುಂಬಿದವು. ಆ ಎಲ್ಲಕ್ಕೂ ಹಿನ್ನೆಲೆಯಾದ ಕನ್ನಡದ ಹವೆಯನ್ನು ಹುಟ್ಟಿಸಿದವರಲ್ಲಿ ಮೊದಲಿಗರು ಸೋಲಾಪುರದಲ್ಲಿ ಪಾಠ ಹೇಳುತ್ತಿದ್ದರು. ಇದರಲ್ಲಿ ಯಾರದೋ ಸಂಚು ಹುಡುಕುವುದು ನನಗೆ ಸರಿಕಾಣದು. ಪದವಿ, ವಯಸ್ಸು, ಸರ್ಕಾರದ ಕಡತ, ಜೊತೆಗೆ ಕವಿಯ ಬಾಗದ ಸ್ವಭಾವ ಎಲ್ಲವೂ ಸೇರಿರಬೇಕು. ಸಂಸ್ಥೆಗಳು ಸಂಸ್ಕೃತಿಯ ಫಲವನ್ನು ಸ್ವೀಕರಿಸುವಷ್ಟು ಚುರುಕಾಗಿ ಅದನ್ನು ಬೆಳೆದವರನ್ನು ಗುರುತಿಸುವುದಿಲ್ಲ. ಇಂದು ನಮ್ಮ ಎಷ್ಟೋ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠ ನಡೆಯುತ್ತಿರುವುದೂ, ನಾಟಕ, ಕವಿಗೋಷ್ಠಿಗಳಿಗೆ ಹುಡುಗರು ಸಿದ್ಧರಾಗುತ್ತಿರುವುದೂ ಅತಿಥಿ ಉಪನ್ಯಾಸಕರಿಂದ. ಬರುವ ವರ್ಷ ತಮಗೆ ಕೆಲಸವಿರುತ್ತದೆಯೇ ಎಂಬುದು ಅವರಿಗೆ ತಿಳಿದಿರುವುದಿಲ್ಲ.

1956ರಲ್ಲಿ ರಾಜ್ಯ ಒಂದಾಯಿತು. ಸೋಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಅದೇ ವರ್ಷ ಬೇಂದ್ರೆ ಆಕಾಶವಾಣಿಯ ಸಲಹೆಗಾರರಾಗಿ ಧಾರವಾಡಕ್ಕೆ, ಸಾಧನಕೇರಿಯ ತಮ್ಮ ಮನೆಗೆ ಮರಳಿದರು. ಆಗ ಅವರಿಗೆ ಅರುವತ್ತು. ಗೌರವಗಳು ಅನಂತರ ಸಾಲಾಗಿ ಬಂದವು: ಅರಳು ಮರಳು ಸಂಗ್ರಹಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, ನಾಕುತಂತಿಗೆ 1973ರ ಜ್ಞಾನಪೀಠ. ಕಾರ್ನಾಡರು ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಆ ವೇಳೆಗೆ ಬೇಂದ್ರೆಯವರ ಮನಸ್ಸು ಸಂಖ್ಯೆಗಳತ್ತ ತಿರುಗಿತ್ತು. 441 ಎಂಬ ಸಂಖ್ಯೆಯನ್ನು ಹಿಡಿದು ಅವರು ಕಟ್ಟುತ್ತಿದ್ದ ವಿಚಾರ ಬಂದವರಿಗೆ ಅರ್ಥವಾಗುತ್ತಿದ್ದುದು ಕಡಿಮೆ. ಆದರೂ ಜನ ಬರುತ್ತಿದ್ದರು. 1981ರ ಅಕ್ಟೋಬರ್ 26ರಂದು ಅವರು ತೀರಿಕೊಂಡದ್ದು ಮುಂಬಯಿಯಲ್ಲಿ. ಸಾಧನಕೇರಿಯಲ್ಲಿ ಈಗ ಅವರ ಹೆಸರಿನ ಭವನವಿದೆ. ಜನವರಿ 31ರಂದು ಅಲ್ಲಿ ಸೇರುವವರಲ್ಲಿ ಪ್ರಾಧ್ಯಾಪಕರಿರುತ್ತಾರೆ, ಸಾಲೆಯ ಮಾಸ್ತರರೂ ಇರುತ್ತಾರೆ.