ಗುಬ್ಬಿ ವೀರಣ್ಣನವರ ಯಜಮಾನಿಕೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿದವರಿಗೆ ನೆಲಮಂಗಲಕ್ಕೆ ಮೊದಲು ಮಾಕಳಿ ಸಿಕ್ಕುತ್ತದೆ. ಈ ಸುತ್ತಿನ ಕಾರ್ಖಾನೆಗಳಲ್ಲಿ ಪಾಲುಗಾರಿಕೆಯಿಂದ ಆರಂಭವಾದವು ಅನೇಕವಿವೆ. ಸ್ನೇಹಿತರಿಬ್ಬರು ಕೂಡಿ ಯಂತ್ರವನ್ನು ಹೂಡುವುದು, ಲಾಭ ಕಾಣುವ ಹೊತ್ತಿಗೆ ಲೆಕ್ಕದ ಪುಸ್ತಕದ ಮುಂದೆ ಮನಸ್ಸು ಮುರಿಯುವುದು, ಕಡೆಗೆ ನ್ಯಾಯಸ್ಥಾನದ ಮೆಟ್ಟಲನ್ನು ಹತ್ತುವುದು, ಇವು ನಮ್ಮ ವಾಚಕರಿಗೆ ಹೊಸ ಸಂಗತಿಗಳಲ್ಲ. ಕಬ್ಬಿಣದ ಕೆಲಸದಲ್ಲಿಯೇ ಹೀಗಿರುವಾಗ, ಮನುಷ್ಯರ ಕಂಠವೂ ಕೀರ್ತಿಯೂ ಸರಕಾಗಿರುವ ಕಲಾವ್ಯಾಪಾರದಲ್ಲಿ ಈ ತೊಡಕು ಇನ್ನೆಷ್ಟು ಕಠಿನವಾಗಿರಬೇಕು! ಅದೇ ದಾರಿಯಲ್ಲಿ ತುಮಕೂರನ್ನು ದಾಟಿ ಮುಂದೆ ಹೋದರೆ ದೊರೆಯುವ ಗುಬ್ಬಿಯ ಮಹನೀಯರೊಬ್ಬರು ಈ ಭಾರವನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಹೊತ್ತು ನಡೆದರು. ನಾಟಕಾಭಿಮಾನಿಗಳು ಶ್ರೀಮಾನ್ ಗುಬ್ಬಿ ವೀರಣ್ಣನವರನ್ನು ನಟರೆಂದು ಸ್ಮರಿಸುವುದು ಸಹಜವೇ. ನಾವು ಇಂದು ಅವರನ್ನು ಯಜಮಾನರೆಂಬ ದೃಷ್ಟಿಯಿಂದ ನೋಡಬಯಸುತ್ತೇವೆ.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿಯು ೧೮೮೪ರಲ್ಲಿ ಹುಟ್ಟಿತು. ಆ ಕಾಲದಲ್ಲಿ ಮೈಸೂರಿನಲ್ಲಿ ಅರಮನೆಯ ಆಶ್ರಯದಿಂದ ನಾಟಕ ಸಭೆ ನಡೆಯುತ್ತಿತ್ತು. ಅಲ್ಲಿ ನಷ್ಟವಾದರೆ ತುಂಬಿಕೊಡಲು ದೊರೆಗಳ ಬೊಕ್ಕಸವಿತ್ತು. ಗುಬ್ಬಿಯವರಿಗೆ ಅಂತಹ ಬೆಂಬಲವಿರಲಿಲ್ಲ. ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಊರಿನ ಗೃಹಸ್ಥರು ಜಾತಿಮತಗಳ ಭೇದವನ್ನೆಣಿಸದೆ ಒಟ್ಟುಗೂಡಿ ತಮ್ಮ ಊರ ದೇವರ ಹೆಸರಿನಲ್ಲಿ ಮಂಡಳಿಯನ್ನು ಕಟ್ಟಿದರು. ಹಿಂದೂ ಮುಸಲ್ಮಾನರು ಕೂಡಿ ಹೂಡಿದ ಈ ಉದ್ಯಮವು ನಮ್ಮ ನಾಡಿನ ಸ್ವಾವಲಂಬನೆಗೆ ಒಂದು ಉತ್ತಮ ನಿದರ್ಶನವೆಂಬುದರಲ್ಲಿ ಸಂಶಯವಿಲ್ಲ.

೧೮೯೧ರಲ್ಲಿ ಜನಿಸಿದ ವೀರಣ್ಣನವರು ಬಾಲಕರಾಗಿರುವಾಗಲೇ ಈ ಮಂಡಳಿಯನ್ನು ಸೇರಿದರು. ಬಾಲಪಾತ್ರಗಳಿಂದ ಮೊದಲುಮಾಡಿ ಹಾಸ್ಯಪಾತ್ರಗಳಿಗೆ ಬಂದರು. ಸದಾರಮೆಯ ಕಳ್ಳನ ಪಾತ್ರದಿಂದ ಅವರ ಹೆಸರು ಮನೆಮಾತಾಯಿತು. ಇತ್ತ ಪಾಲುಗಾರರು ಕಾಲಕ್ರಮದಲ್ಲಿ ಒಬ್ಬೊಬ್ಬರಾಗಿ ದೂರವಾಗುತ್ತ ಬಂದರು. ನಾಟಕದ ಪಾಲುಗಾರಿಕೆಯ ಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಊರೂರಿಗೆ ಹೋಗಿ ಬಿಡಾರ ಹೂಡಬೇಕು. ಪರದೆ, ಪೋಷಾಕು, ದೀಪಗಳ ವೆಚ್ಚವನ್ನು ಮುಂಚಿತವಾಗಿಯೇ ಮಾಡಬೇಕು. ಮಳೆ ಬಂದ ರಾತ್ರಿ ಪ್ರೇಕ್ಷಕರಿಲ್ಲದಿದ್ದರೂ ಮರುದಿನ ಎಲ್ಲರಿಗೂ ಅನ್ನವಿಡಬೇಕು. ಇಂತಹ ವ್ಯವಹಾರದಲ್ಲಿ ಲಾಭವನ್ನು ಹಂಚಿಕೊಳ್ಳಲು ಬರುವಷ್ಟು ಮಂದಿ ನಷ್ಟವನ್ನು ಹಂಚಿಕೊಳ್ಳಲು ಬರುವುದಿಲ್ಲ. ೧೯೧೭ರಲ್ಲಿ ಮಂಡಳಿಯು ವೀರಣ್ಣನವರ ಒಡೆತನಕ್ಕೆ ಬಂದಿತು. ಆಗ ಅವರಿಗೆ ಇಪ್ಪತ್ತಾರರ ಪ್ರಾಯ.

ಅವರ ಮುಂದೆ ಒಂದು ಎಚ್ಚರಿಕೆಯ ಉದಾಹರಣೆಯಿತ್ತು. ರತ್ನಾವಳಿ ನಾಟಕ ಸಭೆಯ ಎ. ವಿ. ವರದಾಚಾರ್ಯರು ಆ ಕಾಲದ ನಟಶ್ರೇಷ್ಠರು. ಅವರ ಔದಾರ್ಯಕ್ಕೆ ಎಣೆಯಿರಲಿಲ್ಲ. ಸಾಲದ ಹೊರೆಯೂ ಅವರನ್ನು ಬಿಡಲಿಲ್ಲ. ೧೯೨೬ರಲ್ಲಿ ಅವರು ತೀರಿಕೊಂಡುದರೊಡನೆ ಆ ವೈಭವವೂ ಅಸ್ತಮಿಸಿತು. ಶ್ರೇಷ್ಠ ನಟನಾದವನು ಶ್ರೇಷ್ಠ ವ್ಯವಹಾರಿಯೂ ಆಗಿರಬೇಕೆಂಬ ನಿಯಮವಿಲ್ಲ. ಒಬ್ಬನೇ ಎರಡೂ ಆಗುವುದು ಅಪೂರ್ವ. ವೀರಣ್ಣನವರು ಆ ಅಪೂರ್ವರಲ್ಲಿ ಒಬ್ಬರು.

ಅವರ ವ್ಯವಸ್ಥೆಯ ಗುಟ್ಟು ಏನೆಂದರೆ, ಮಂಡಳಿಯು ಯಾವ ಒಬ್ಬ ನಟನ ಮೇಲೆಯೂ ನಿಲ್ಲದಂತೆ ನೋಡಿಕೊಂಡುದು. ಮುಖ್ಯ ನಟನೊಬ್ಬನು ಮುನಿದು ಎದುರು ಕಂಪೆನಿಗೆ ಹೊರಟುಹೋದರೆ ಪರದೆ ಬೀಳುತ್ತಿದ್ದ ಕಾಲವದು. ವೀರಣ್ಣನವರು ಬಾಲಕರದೇ ಒಂದು ಶಾಖೆಯನ್ನು ತೆರೆದು ಎಳೆಯರನ್ನು ತರಬೇತುಗೊಳಿಸಿದರು. ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದ ಮೊದಲಿಗರಲ್ಲಿ ಒಬ್ಬರಾದರು. ಮುಖ್ಯ ನಟಿಯರಾಗಿದ್ದ ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಇವರು ಅವರ ಧರ್ಮಪತ್ನಿಯರು. ಮಕ್ಕಳೂ ರಂಗಕ್ಕೆ ಬಂದರು. ಹೀಗೆ ಮನೆಯೂ ಕಂಪೆನಿಯೂ ಒಂದೇ ಆದವು. ಪಾಲುಗಾರರಿಂದ ಆಗದ ಕಟ್ಟುಪಾಡು ಕುಟುಂಬದಿಂದ ಆಯಿತು.

ಈ ಬಲದಿಂದಲೇ ಅವರು ದೊಡ್ಡ ಸಾಹಸಗಳಿಗೆ ಕೈಹಾಕಿದರು. ೧೯೩೪ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರ ನಾಟಕಕ್ಕಾಗಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದರು. ಹತ್ತು ಮಂದಿ ಪಾಲುಗಾರರ ಸಭೆಯಲ್ಲಿ ಆನೆಯ ವೆಚ್ಚಕ್ಕೆ ಒಪ್ಪಿಗೆ ದೊರೆಯುತ್ತಿತ್ತೇ ಎಂಬುದನ್ನು ವಾಚಕರೇ ಊಹಿಸಲಿ. ಮೂಕಚಿತ್ರಗಳ ಕಾಲದಲ್ಲಿಯೇ ಚಿತ್ರೋದ್ಯಮಕ್ಕೆ ಬಂಡವಾಳ ಹೂಡಿದರು. ಅದು ಬಹುಕಾಲ ನಿಲ್ಲಲಿಲ್ಲ. ಆದರೂ ಎದೆಗುಂದದೆ ೧೯೩೫ರಲ್ಲಿ ಸದಾರಮೆಯನ್ನೂ ೧೯೪೬ರಲ್ಲಿ ಹೇಮರೆಡ್ಡಿ ಮಲ್ಲಮ್ಮನನ್ನೂ ವಾಕ್‌ಚಿತ್ರಗಳನ್ನಾಗಿ ತಂದರು. ೧೯೫೪ರ ಬೇಡರ ಕಣ್ಣಪ್ಪ ಚಿತ್ರವೂ ಗುಬ್ಬಿ ಸಂಸ್ಥೆಯ ಸಹಭಾಗಿತ್ವದಲ್ಲಿ ಸಿದ್ಧವಾಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮರೆಮಾಡುವುದು ನ್ಯಾಯವಲ್ಲ. ಯಜಮಾನನೊಬ್ಬನೇ ಆದ ಕಡೆ ಉಳಿದವರೆಲ್ಲರೂ ಸಂಬಳದವರು. ಪ್ರೇಕ್ಷಕರನ್ನು ಎಳೆದು ತರುವವನು ತಾನೆಂದು ಅರಿತ ನಟನಿಗೆ ಸಂಬಳವು ಸಾಲದೆಂದು ತೋರುವುದು ಸ್ವಭಾವವೇ ಸರಿ. ಆರ್. ನಾಗೇಂದ್ರರಾಯರೂ ಎಂ. ವಿ. ಸುಬ್ಬಯ್ಯನಾಯಿಡು ಅವರೂ ಜೊತೆಗೂಡಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿ ತಾವೇ ಯಜಮಾನರಾದರು. ಗುಬ್ಬಿಯ ಗರಡಿಯಲ್ಲಿ ಪಳಗಿದ ರಾಜಕುಮಾರರೂ ಜಿ. ವಿ. ಅಯ್ಯರರೂ ಬಾಲಕೃಷ್ಣ, ನರಸಿಂಹರಾಜು ಇವರೊಡನೆ ಕಲಾವಿದರ ಸಂಘವನ್ನು ಮಾಡಿಕೊಂಡು ೧೯೬೦ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ನಿರ್ಮಿಸಿದರು. ಗುಬ್ಬಿಯ ಹಿರಿಯರು ೧೮೮೪ರಲ್ಲಿ ಹಿಡಿದ ಸಮಪಾಲಿನ ದಾರಿಯನ್ನೇ ಇವರು ಮತ್ತೆ ಹಿಡಿದರೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಲೋಕವನ್ನೇ ಮರುಳುಗೊಳಿಸಿದ ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರ ಗಾಯನಮೇಳದ ವ್ಯವಹಾರವನ್ನು ಬ್ರಯನ್ ಎಪ್‌ಸ್ಟೈನ್ ಎಂಬವರು ನೋಡಿಕೊಳ್ಳುತ್ತಿದ್ದರು. ೧೯೬೭ರಲ್ಲಿ ಅವರು ಅಕಾಲ ಮರಣಕ್ಕೀಡಾದರು. ಹೊಸ ವ್ಯವಸ್ಥಾಪಕರು ಯಾರಾಗಬೇಕೆಂಬ ವಿಷಯದಲ್ಲಿ ಮೂವರು ಒಂದು ಕಡೆ, ಪಾಲ್ ಮೆಕಾರ್ಟ್ನಿ ಒಂದು ಕಡೆ ಆದರು. ೧೯೭೦ರ ಡಿಸೆಂಬರ್ ೩೧ರಂದು ಪಾಲುಗಾರಿಕೆಯನ್ನು ಮುರಿಯಬೇಕೆಂದು ಲಂಡನ್ನಿನಲ್ಲಿ ದಾವೆ ಹೂಡಲ್ಪಟ್ಟಿತು; ೧೯೭೫ರವರೆಗೆ ಅದು ಪೂರ್ಣವಾಗಿ ತೀರಲಿಲ್ಲ. ಹಣಕ್ಕೆ ಕೊರತೆಯಿಲ್ಲದಿದ್ದರೂ ನಾಲ್ವರೂ ನಂಬಬಲ್ಲ ಒಬ್ಬ ಮನುಷ್ಯನು ಅವರಿಗೆ ಮತ್ತೆ ದೊರೆಯಲಿಲ್ಲ.

ವೀರಣ್ಣನವರು ಗುಬ್ಬಿಯವರಿಗೆ ಅಂತಹ ಮನುಷ್ಯರಾಗಿದ್ದರು. ಬಿ. ವಿ. ಕಾರಂತರಂತಹ ಹುಡುಗನನ್ನು ಕಾಶಿಗೆ ಕಳುಹಿಸಿ ಓದಿಸಿದ ಯಜಮಾನರು ಲಾಭವೊಂದನ್ನೇ ನೋಡುವವರಲ್ಲ. ೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ೧೯೭೨ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಆ ೧೯೭೨ರಲ್ಲಿಯೇ ಅವರು ದಿವಂಗತರಾದರು. ತಮ್ಮ ಆತ್ಮಕಥೆಗೆ ಕಲೆಯೇ ಕಾಯಕ ಎಂಬ ಹೆಸರನ್ನಿಟ್ಟವರು ಅವರು. ಕಾಯಕವೆಂಬುದು ದುಡಿಮೆಯೂ ಹೌದು, ಪೂಜೆಯೂ ಹೌದು. ಅವರ ಮೊಮ್ಮಗಳು ಬಿ. ಜಯಶ್ರೀಯವರು ೧೯೭೬ರಲ್ಲಿ ಸ್ಪಂದನ ತಂಡವನ್ನು ಕಟ್ಟಿ ಆ ಕಾಯಕವನ್ನು ಮುಂದುವರಿಸಿದರು. ಆದರೆ ಊರೂರು ತಿರುಗಿ ನೂರಾರು ಸಂಸಾರಗಳಿಗೆ ಅನ್ನವಿಡುತ್ತಿದ್ದ ಆ ವೃತ್ತಿಮಂಡಳಿಗಳ ಕಾಲ ಮತ್ತೆ ಬರಲಿಲ್ಲ.

ಇದರಿಂದ ನಾವು ಕಲಿಯತಕ್ಕುದೇನು? ೧೯೩೨ರ ಪಾಲುಗಾರಿಕೆಯ ಕಾನೂನಿನಂತೆ, ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುಗಾರನ ಮರಣದಿಂದಲೇ ಪಾಲುಗಾರಿಕೆಯು ಮುಗಿಯುತ್ತದೆ. ಒಬ್ಬನೇ ನಡೆಸುವ ಸಂಸ್ಥೆಯಾದರೋ ಅವನ ಶಕ್ತಿಯಿರುವವರೆಗೆ ಮಾತ್ರ ಬೆಳಗುತ್ತದೆ. ಪಾಲುಗಾರರ ಜಗಳವೇ ಕೇಡೆಂದೂ ಯಜಮಾನಿಕೆಯೇ ಮದ್ದೆಂದೂ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಅಭಿಮತ ಅದಲ್ಲ. ನಿರ್ಧಾರವು ಒಬ್ಬರಲ್ಲಿರಲಿ, ಲೆಕ್ಕವು ಎಲ್ಲರಿಗೂ ತೆರೆದಿರಲಿ, ದುಡಿಯುವವನಿಗೆ ಸಂಬಳದ ಜೊತೆಗೆ ಪಾಲೂ ಇರಲಿ, ಅಗಲಬೇಕಾಗಿ ಬಂದಾಗ ಹೇಗೆ ಅಗಲತಕ್ಕುದೆಂಬುದು ಕೂಡುವ ದಿನವೇ ಕಾಗದದ ಮೇಲೆ ಬರಲಿ. ಗುಬ್ಬಿಯ ಹಿರಿಯರಲ್ಲಿ ಐಕಮತ್ಯವಿತ್ತು, ವೀರಣ್ಣನವರಲ್ಲಿ ದಕ್ಷತೆಯಿತ್ತು. ಇವೆರಡನ್ನೂ ಒಂದೇ ಸಂಸ್ಥೆಯಲ್ಲಿ ಕೂಡಿಸುವ ಕೆಲಸ ನಮ್ಮ ಪೀಳಿಗೆಗೆ ಉಳಿದಿದೆ.