ಶಾಹು ಮಹಾರಾಜರೂ ಖಾಸಬಾಗದ ಕುಸ್ತಿಯ ಕಣವೂ

ಕೊಲ್ಹಾಪುರದ ಶಾಹು ಛತ್ರಪತಿಗಳ ಹೆಸರೆತ್ತಿದೊಡನೆ, ಹಿಂದುಳಿದವರಿಗೆ ನೌಕರಿಯಲ್ಲಿ ಶೇಕಡ 50ರ ಮೀಸಲಾತಿ ಕೊಟ್ಟ 1902ರ ಆಜ್ಞೆ ನೆನಪಾಗುವುದು ಸಹಜ. ನಾನಿಲ್ಲಿ ಹೇಳಹೊರಟಿರುವುದು ಅವರ ಇನ್ನೊಂದು ಕಾರ್ಯವನ್ನು ಕುರಿತು. ಸವದತ್ತಿ ರಾಮದುರ್ಗಗಳ ಕಡೆಯವರಿಗೆ ಇದು ಪರರಾಜ್ಯದ ಕಥೆಯೇನೂ ಅಲ್ಲ. ಇಂದು ರಾಮದುರ್ಗ ತಾಲೂಕಿನಲ್ಲಿರುವ ಕಟಕೋಳ ಅಂದು ಕೊಲ್ಹಾಪುರ ಸಂಸ್ಥಾನದ ಮಹಾಲು. ತೊರಗಲ್ಲಿನ ಶಿಂದೆಯವರು ಆ ಗಾದಿಯ ಜಹಗೀರದಾರರು.

1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಯಶವಂತರಾಯರು 1884ರಲ್ಲಿ ದತ್ತಕರಾಗಿ ಬಂದು ಶಾಹು ಎನಿಸಿದರು. 1894ರಲ್ಲಿ ರಾಜ್ಯಭಾರ ವಹಿಸಿಕೊಂಡರು. ಸ್ವತಃ ಗರಡಿಯಲ್ಲಿ ಪಳಗಿದ ಮೈ ಅವರದು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ವಿಲಾಯತಿಗೆ ಹೋದವರು ರೋಮಿನ ಹಳೆಯ ಕ್ರೀಡಾಂಗಣವನ್ನೂ ಕಂಡರು. ಆ ಕಾಣ್ಕೆಯೇ 1912ರ ಹೊತ್ತಿಗೆ ಖಾಸಬಾಗದ ಮೈದಾನವಾಗಿ ನಿಂತಿತು. ನಡುವೆ ಮಣ್ಣಿನ ಕಣ, ಸುತ್ತಲೂ ಏರುತ್ತ ಹೋಗುವ ದಿಬ್ಬ. ಹಿಂದೆ ಕುಳಿತ ಬಡವನಿಗೂ ಪಟ್ಟು ಕಾಣಬೇಕು.

ಇದರಿಂದ ಊರಿಗೆ ಲಾಭವಾಯಿತೇ? ಸರಕಾರದ ಹಣದಿಂದ ಕಟ್ಟಿದ ಅಮೆರಿಕದ ಕ್ರೀಡಾಂಗಣಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿ, ಹಾಕಿದ ಹಣ ಹಿಂದಿರುಗದೆಂದೇ ಹೇಳುತ್ತಾರೆ. ಊರವರು ಬೇರೆಡೆ ವೆಚ್ಚ ಮಾಡುತ್ತಿದ್ದುದೇ ಅಲ್ಲಿಗೆ ಹರಿಯುತ್ತದೆ. ಪರಸ್ಥಳದ ಪ್ರೇಕ್ಷಕನ ಮಾತು ಬೇರೆ; ಅವನು ತನ್ನೂರಿನ ದುಡ್ಡನ್ನು ತರುತ್ತಾನೆ. ಪೈಲ್ವಾನರ ಖುರಾಕಿನ ಹಾಲು, ತುಪ್ಪ, ಬದಾಮಿಗಳಿಂದ ಗೌಳಿಗನಿಗೂ ಅಂಗಡಿಕಾರನಿಗೂ ಗಳಿಕೆ. ಹಾಗಾದರೆ ಪೇಟೆಯ ಆ ಗಳಿಕೆ ಹಳ್ಳಿಗಳ ವೆಚ್ಚವೇ ಅಲ್ಲವೆ? ಕಟಕೋಳದ ರೈತ ತೆತ್ತ ಕಂದಾಯವೂ ಅದೇ ಖಜಾನೆಯನ್ನು ಸೇರುತ್ತಿತ್ತು. ಅಷ್ಟು ದೂರದ ಕಣ ಅವನಿಗೆ ಕಂಡದ್ದು ಎಷ್ಟರಮಟ್ಟಿಗೆ?

ಆದರೂ ಮಹಾರಾಜರನ್ನು ದೂರಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಣಕ್ಕಿಂತ ಮೊದಲೇ, 1895ರಲ್ಲಿ, ಶಾಹುಪುರಿಯ ಪೇಟೆಯನ್ನು ಕಟ್ಟಿಸಿ ಬೆಲ್ಲದ ವ್ಯಾಪಾರಕ್ಕೆ ನೆಲೆ ಮಾಡಿಕೊಟ್ಟರು. 1906ರಲ್ಲಿ ನೂಲಿನ ಗಿರಣಿಗೆ ಅಡಿಗಲ್ಲಿಟ್ಟರು. ಭೋಗಾವತಿಗೆ ರಾಧಾನಗರಿಯ ಅಣೆಕಟ್ಟನ್ನು ಕೈಗೊಂಡರು. ಕೊಲ್ಹಾಪುರವನ್ನು ಸಾಕಿದವು ಇವೇ. ಬೆಲ್ಲ ಮಾರಿ ಕೈಯಲ್ಲಿ ನಾಲ್ಕು ಕಾಸು ಉಳಿದ ಒಕ್ಕಲಿಗ ತಾನೆ ಕುಸ್ತಿ ನೋಡಲು ಬರುವವನು! ಬರಿಯ ಮೈದಾನ ಕಟ್ಟಿ ಊರು ಬೆಳೆದೀತೆಂದು ಕಾದು ಕುಳಿತ ಅರಸರಲ್ಲ ಅವರು.

1922ರ ಮೇ 6ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗಿನ್ನೂ 48 ತುಂಬಿರಲಿಲ್ಲ. ಅಣೆಕಟ್ಟು ಅವರ ತರುವಾಯ ಮುಗಿಯಿತು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ, ಅರಮನೆಯ ಖುರಾಕನ್ನು ನೆಚ್ಚಿದ್ದ ಪೈಲ್ವಾನರು ಬೇರೆ ಆಶ್ರಯ ನೋಡಿಕೊಳ್ಳಬೇಕಾಯಿತು. ಕಟಕೋಳ ಬೆಳಗಾವಿ ಜಿಲ್ಲೆಗೆ ಸೇರಿತು.